ದೇಹವನ್ನು ಓದಿದ ಚಿತ್ರಕಾರ

ಲಿಯೊನಾರ್ಡೊ ಡ ವಿಂಚಿಯ ಹೆಸರು ಕೇಳಿದೊಡನೆ ಮೊನಾಲಿಸಾಳ ಮಂದಹಾಸ ನೆನಪಿಗೆ ಬರುವುದು ಸಹಜ. ಆದರೆ ಆ ಮಂದಹಾಸವನ್ನು ಚಿತ್ರಿಸಿದವನು ಎಷ್ಟೋ ರಾತ್ರಿಗಳನ್ನು ಶವಗಳ ಸನಿಹದಲ್ಲಿ ಕಳೆದಿದ್ದನು.

1452ರಲ್ಲಿ ಇಟಲಿಯ ವಿಂಚಿ ಎಂಬ ಊರಿನ ಬಳಿ ಹುಟ್ಟಿದ ಅವನು ಫ್ಲಾರೆನ್ಸ್ ನಗರದಲ್ಲಿ ವೆರೊಕ್ಕಿಯೊ ಎಂಬ ಕಲಾವಿದನ ಬಳಿ ಕಲಿತನು. ಚಿತ್ರದ ಮನುಷ್ಯನು ಜೀವಂತನಾಗಿ ಕಾಣಬೇಕಾದರೆ ಚರ್ಮದ ಕೆಳಗಿರುವುದನ್ನು ಅರಿಯಬೇಕು ಎಂದು ಹೊರಟವನಿಗೆ, ಬರಬರುತ್ತ ಅರಿಯುವ ಹಂಬಲವೇ ಮುಖ್ಯವಾಯಿತು. 1510ರ ಸುಮಾರಿಗೆ ಪಾವಿಯಾದ ತರುಣ ವೈದ್ಯ ಮಾರ್ಕಂತೋನಿಯೊ ಡೆಲ್ಲ ತೊರ್ರೆಯ ಜೊತೆಗೂಡಿ ಶವಗಳನ್ನು ಛೇದಿಸಿ ನೋಡಿದನು. ಹೆಣವನ್ನು ಕೆಡದಂತೆ ಇರಿಸುವ ಉಪಾಯವಿಲ್ಲದ ಕಾಲವದು; ಮೂಗು ಮುಚ್ಚಿಕೊಳ್ಳುವವರಿಗೆ ಒಗ್ಗುವ ವಿದ್ಯೆಯಲ್ಲ.

ಅವನು ಕಂಡುದಾದರೂ ಏನು? ಸ್ನಾಯು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದ್ದರಿಂದ ಕೀಲು ಅತ್ತಿತ್ತ ಆಡಬೇಕಾದರೆ ಎದುರುಬದುರಿನ ಸ್ನಾಯುಗಳು ಬೇಕು. ಮೊಣಕೈಯನ್ನೇ ನೋಡಿ: ತೋಳಿನ ಮುಂಭಾಗದ ಸ್ನಾಯು ಕುಗ್ಗಿ ಕೈಯನ್ನು ಮಡಿಸುವಾಗ ಹಿಂಭಾಗದ್ದು ಸಡಿಲಗೊಂಡು ನೀಳವಾಗುತ್ತದೆ, ಕೈ ಚಾಚುವಾಗ ಹಿಂಭಾಗದ್ದು ಎಳೆಯುತ್ತದೆ, ಮುಂಭಾಗದ್ದು ಬಿಟ್ಟುಕೊಡುತ್ತದೆ. ಎರಡೂ ಒಟ್ಟಿಗೆ ಬಿಗಿದರೆ ಕೀಲು ಅಲುಗಾಡದೆ ನಿಲ್ಲುತ್ತದೆ. ಮುಂಭಾಗದ ಸ್ನಾಯು ಕೈಯನ್ನು ಮಡಿಸುವುದಲ್ಲದೆ ಅಂಗೈ ಮೇಲಾಗುವಂತೆ ಮುಂಗೈಯನ್ನು ತಿರುಗಿಸುತ್ತದೆ ಎಂಬುದನ್ನೂ ಅವನು ಗುರುತಿಸಿದನು. ದಪ್ಪನಾದ ಸ್ನಾಯುಗಳು ಒಂದನ್ನೊಂದು ಮರೆಮಾಡುವುದರಿಂದ ಅವುಗಳ ಬದಲು ಹುರಿಗಳನ್ನು ಬರೆದು ಎಳೆತದ ದಿಕ್ಕನ್ನು ತೋರಿಸಿದನು. ಕತ್ತನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳು ಅವನಿಗೆ ಹಡಗಿನ ಹಾಯಿಕಂಬವನ್ನು ಸುತ್ತಲೂ ಬಿಗಿದ ಹಗ್ಗಗಳಂತೆ ತೋರಿದವು.

ಇಷ್ಟೆಲ್ಲ ಕಂಡವನು ಅದನ್ನು ಗ್ರಂಥವಾಗಿ ಹೊರತರಲಿಲ್ಲ. 1511ರಲ್ಲಿ ಡೆಲ್ಲ ತೊರ್ರೆ ಪ್ಲೇಗಿಗೆ ಬಲಿಯಾದನು. ಕೈಗೆತ್ತಿಕೊಂಡುದನ್ನು ಮುಗಿಸದೆ ಬಿಡುವ ಸ್ವಭಾವವೂ ಲಿಯೊನಾರ್ಡೊವಿನಲ್ಲಿತ್ತು ಎನ್ನದೆ ವಿಧಿಯಿಲ್ಲ. 1516ರಲ್ಲಿ ಅವನು ಫ್ರಾನ್ಸಿನ ದೊರೆಯ ಆಶ್ರಯಕ್ಕೆ ಹೋದನು. ಮರುವರ್ಷ ಅವನನ್ನು ಕಂಡ ಅತಿಥಿಗಳು ಅವನ ಬಲಗೈ ಸ್ವಾಧೀನ ತಪ್ಪಿದ್ದುದನ್ನು ಗಮನಿಸಿದರು. ತೋಳಿನ ಮರ್ಮವನ್ನು ಅಷ್ಟು ಬಲ್ಲವನಿಗೆ ಇಂಥ ಗತಿ! ಪುಣ್ಯಕ್ಕೆ ಅವನು ಎಡಚನಾಗಿದ್ದನು.

1519ರಲ್ಲಿ ಅವನು ತೀರಿಕೊಂಡ ಮೇಲೆ ಹಾಳೆಗಳು ಶಿಷ್ಯ ಮೆಲ್ಜಿಯ ಕೈಸೇರಿದವು. 1543ರಲ್ಲಿ ವೆಸಾಲಿಯಸ್ ತನ್ನ ಅಂಗರಚನಾ ಗ್ರಂಥವನ್ನು ಅಚ್ಚು ಹಾಕಿಸಿ ಕೀರ್ತಿ ಪಡೆದಾಗಲೂ ಅವು ಬೆಳಕು ಕಂಡಿರಲಿಲ್ಲ. ಕೈಯಿಂದ ಕೈಗೆ ಸಾಗಿ ಅವು ಇಂಗ್ಲೆಂಡಿನ ವಿಂಡ್ಸರ್ ಅರಮನೆಯನ್ನು ಸೇರಿದವು. ಆ ತೋಳು, ಹೆಗಲುಗಳ ಚಿತ್ರಗಳು ಅಚ್ಚಾಗಿ ಲೋಕದ ಕೈಗೆ ಬರುವ ಹೊತ್ತಿಗೆ ಹತ್ತೊಂಬತ್ತನೆಯ ಶತಮಾನವೇ ಮುಗಿಯುತ್ತ ಬಂದಿತ್ತು.