ಲಿಸ್ ಹಾರ್ಟೆಲ್

ಡೆನ್ಮಾರ್ಕ್ ದೇಶದ ಹೆಲ್ಲೆರುಪ್ ಎಂಬ ಊರಿನಲ್ಲಿ 1921ನೆಯ ಇಸವಿ ಮಾರ್ಚ್ 14ರಂದು ಲಿಸ್ ಹಾರ್ಟೆಲ್ ಜನಿಸಿದಳು. ಬಾಲ್ಯದಿಂದಲೇ ಆಕೆಗೆ ಕುದುರೆ ಸವಾರಿಯಲ್ಲಿ ಒಲವು. ಯೌವನದಲ್ಲಿ ಡ್ರೆಸಾಜ್ ಎಂಬ ಸವಾರಿ ಕಲೆಯಲ್ಲಿ ಹೆಸರು ಗಳಿಸಿದಳು. ಇದು ಓಟದ ಪಂದ್ಯವಲ್ಲ. ಗೊತ್ತುಪಡಿಸಿದ ಅಂಗಳದಲ್ಲಿ ಕುದುರೆಯು ಸವಾರನ ಇಂಗಿತವನ್ನರಿತು ಹೆಜ್ಜೆಯಿಡುವ, ತಿರುಗುವ, ನಿಲ್ಲುವ ಪರೀಕ್ಷೆ. ಆ ಇಂಗಿತವು ಬಹುಮಟ್ಟಿಗೆ ಸವಾರನ ಕಾಲುಗಳ ಮೂಲಕವೇ ಕುದುರೆಗೆ ಮುಟ್ಟಬೇಕು. ಈ ಸಂಗತಿಯನ್ನು ನಾವು ನೆನಪಿನಲ್ಲಿಡಬೇಕು.

1944ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಆಕೆ ಪೋಲಿಯೋ ರೋಗಕ್ಕೆ ತುತ್ತಾದಳು. ಆಗ ಆಕೆ ಗರ್ಭಿಣಿ. ಮಗುವೇನೋ ಆರೋಗ್ಯವಾಗಿ ಹುಟ್ಟಿತು; ತಾಯಿಯ ಕೈಕಾಲುಗಳು ಸ್ವಾಧೀನ ತಪ್ಪಿದ್ದವು. ಕೈಯೆತ್ತುವುದನ್ನೂ ಆಕೆ ಶಿಶುವಿನಂತೆ ಹೊಸದಾಗಿ ಕಲಿಯಬೇಕಾಯಿತು. ಕ್ರಮೇಣ ಊರುಗೋಲುಗಳ ಆಸರೆಯಿಂದ ನಡೆದಳು. ಮೊಣಕಾಲಿನಿಂದ ಕೆಳಗೆ ಮಾತ್ರ ಶಕ್ತಿ ಮರಳಲೇ ಇಲ್ಲ.

ಇಂಥ ಸ್ಥಿತಿಯಲ್ಲಿ, ವೈದ್ಯರ ಸಲಹೆಯನ್ನು ಮೀರಿ, ಆಕೆ ಮತ್ತೆ ಕುದುರೆಯನ್ನೇರಿದಳು. ಏರಿದಳು ಎಂಬುದಕ್ಕಿಂತ, ಇತರರು ಆಕೆಯನ್ನು ಎತ್ತಿ ಕೂರಿಸಿದರು ಎನ್ನುವುದೇ ಸರಿ. ನಡೆಯುವ ಕುದುರೆಯ ಬೆನ್ನು ಸವಾರನ ಸೊಂಟವನ್ನು ಮನುಷ್ಯನ ನಡಿಗೆಯ ಲಯದಲ್ಲಿಯೇ ಚಲಿಸುವಂತೆ ಮಾಡುತ್ತದೆ. ಅಲ್ಲದೆ ಕುದುರೆಯು ಸ್ವಭಾವತಃ ಬೆದರುವ ಪ್ರಾಣಿ. ಬೆನ್ನ ಮೇಲಿರುವವರ ಮೈಯ ಬಿಗುವನ್ನು ಅದು ಕೂಡಲೇ ಅರಿಯುತ್ತದೆ. ಅದನ್ನು ಸಂತೈಸಬೇಕಾದವರು ಮೊದಲು ತಮ್ಮ ಅಳುಕನ್ನು ಅಡಗಿಸಿಕೊಳ್ಳಬೇಕು. ಕಾಲುಗಳಿಂದ ಸೂಚಿಸಲಾರದ ಲಿಸ್, ಮೈಭಾರವನ್ನು ಅತ್ತಿತ್ತ ಸರಿಸಿಯೇ ತನ್ನ ಮನಸ್ಸನ್ನು ತಿಳಿಸತೊಡಗಿದಳು. ಜ್ಯೂಬಿಲಿ ಎಂಬ ಹೆಣ್ಣು ಕುದುರೆ ಆ ಹೊಸ ಭಾಷೆಯನ್ನು ಕಲಿತುಕೊಂಡಿತು. ಕಲಿತವರು ಇಬ್ಬರೂ ಎನ್ನಬಹುದು.

1947ರಲ್ಲಿ ಸ್ಕ್ಯಾಂಡಿನೇವಿಯಾದ ಸ್ಪರ್ಧೆಯಲ್ಲಿ ಆಕೆಗೆ ಎರಡನೆಯ ಸ್ಥಾನ ದೊರೆಯಿತು. ಒಲಿಂಪಿಕ್ಸ್‌ನ ಬಾಗಿಲು ಇನ್ನೂ ಮುಚ್ಚಿತ್ತು. ಅಲ್ಲಿನ ಡ್ರೆಸಾಜ್ ಸೇನಾಧಿಕಾರಿಗಳಿಗೆ ಮೀಸಲಾಗಿತ್ತು. ಆ ನಿಯಮ ಸಡಿಲಗೊಂಡು, 1952ರ ಹೆಲ್ಸಿಂಕಿ ಕ್ರೀಡಾಕೂಟದಲ್ಲಿ ನಾಲ್ವರು ಮಹಿಳೆಯರು ಪುರುಷರಿಗೆ ಸಮನಾಗಿ ಕಣಕ್ಕಿಳಿದರು. ಅವರಲ್ಲೊಬ್ಬಳಾದ ಲಿಸ್ ಬೆಳ್ಳಿಯ ಪದಕ ಗೆದ್ದಳು. ಆದರೆ ಪದಕ ಸ್ವೀಕರಿಸಲು ವೇದಿಕೆಯ ಮೆಟ್ಟಿಲೇರುವ ಶಕ್ತಿ ಆಕೆಗಿರಲಿಲ್ಲ. ಚಿನ್ನದ ಪದಕ ಗೆದ್ದ ಸ್ವೀಡನ್ನಿನ ಸೇಂಟ್ ಸಿರ್ ಆಕೆಗೆ ಕೈನೀಡಿ ಮೇಲೆ ನಿಲ್ಲಿಸಿದನು. 1956ರಲ್ಲಿ ಸ್ಟಾಕ್‌ಹೋಮ್‌ನಲ್ಲಿಯೂ ಆಕೆ ಬೆಳ್ಳಿಯನ್ನೇ ಪಡೆದಳು.

ಈ ಗೆಲುವು ಯೂರೋಪಿನ ಚಿಕಿತ್ಸಕರ ಕಣ್ತೆರೆಸಿತು. ಸವಾರಿಯನ್ನು ಚಿಕಿತ್ಸೆಯಾಗಿ ಬಳಸುವ ಕೇಂದ್ರಗಳು ಒಂದೊಂದಾಗಿ ತಲೆಯೆತ್ತಿದವು. ಲಿಸ್ ಕೂಡ ಆ ಕಾರ್ಯಕ್ಕೆ ದುಡಿದಳು. ಅಂಗವೈಕಲ್ಯವುಳ್ಳ ಮಕ್ಕಳಿಗಲ್ಲದೆ, ಮುಂದೆ ಯುದ್ಧದ ಆಘಾತದಿಂದ ಮನಸ್ಸು ಜರ್ಜರಿತವಾದ ಸೈನಿಕರಿಗೂ ಕುದುರೆಯ ಸಹವಾಸ ನೆರವಾಯಿತು. 2009ನೆಯ ಇಸವಿ ಫೆಬ್ರವರಿ 12ರಂದು ಲಿಸ್ ಹಾರ್ಟೆಲ್ ನಿಧನಳಾದಳು.