ಇಂದಿನ ಧಮ್ಮ ಚಿಂತನೆ: ಮೇಜಿನಲ್ಲಿ ಉಳಿದ ಕಡತ





ನಿನ್ನೆ ಸಂಜೆ ಬೋರನಕಣಿವೆ ಏರಿಯ ಮೇಲೆ ಕೂತಿದ್ದೆ. ಸುವರ್ಣಮುಖಿ ಹೊಳೆಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಕಟ್ಟೆ. ಎರಡೂ ಗುಡ್ಡ ಗಟ್ಟಿಯಾಗಿದ್ದರೆ ಮಾತ್ರ ನೀರು ನಿಲ್ಲುತ್ತದೆ. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನಗೆ ಅಲ್ಲಿ ಬಾಬಾಸಾಹೇಬರ ನೆನಪಾಯಿತು. ಅವರೂ ಒಮ್ಮೆ ಸರ್ಕಾರಿ ಅಧಿಕಾರಿಯಾಗಿದ್ದವರು.

1913ರಲ್ಲಿ ಬರೋಡ ಮಹಾರಾಜ ಸಯಾಜಿರಾಯರ ವಿದ್ಯಾರ್ಥಿವೇತನದಿಂದ ಅವರು ಅಮೆರಿಕಕ್ಕೆ ಹೋದರು. ಓದು ಮುಗಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. 1917ರಲ್ಲಿ ಬರೋಡಕ್ಕೆ ಬಂದು ದೊಡ್ಡ ಹುದ್ದೆಗೆ ಸೇರಿದರು. ಆದರೆ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಸರ್ಕಾರಿ ಬಂಗಲೆ ಕೇಳಿದರು, ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಬೇರೆ ಹೆಸರಿನಿಂದ ಉಳಿದರು. ಗುಟ್ಟು ತಿಳಿದು ಕೋಲು ಹಿಡಿದ ಗುಂಪು ಹೊರಗೆ ಹಾಕಿತು. ಅಧಿಕಾರಿಯಾದವರು ಉದ್ಯಾನದಲ್ಲಿ ಕೂತು ಕಣ್ಣೀರಿಟ್ಟು ಮುಂಬಯಿಗೆ ಮರಳಿದರು. ನೇಮಕದ ಆದೇಶ ಕೈಯಲ್ಲಿತ್ತು, ಬೆನ್ನಿಗೆ ನಿಲ್ಲುವವರು ಇರಲಿಲ್ಲ.

31 ವರ್ಷಗಳ ನಂತರ, 1948ರ ನವೆಂಬರ್ 4ರಂದು, ಅವರೇ ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟರು. ಕೇಂದ್ರ ಮತ್ತು ರಾಜ್ಯ ಎರಡಿದ್ದರೂ ದೇಶ ಒಂದಾಗಿ ನಡೆಯಲು ಮೂರು ದಾರಿ ತೋರಿಸಿದರು: ಒಂದೇ ನ್ಯಾಯಾಂಗ, ಮುಖ್ಯ ಕಾನೂನುಗಳಲ್ಲಿ ಸಮಾನತೆ, ಮುಖ್ಯ ಹುದ್ದೆಗಳಿಗೆ ಅಖಿಲ ಭಾರತ ಸೇವೆ. ರಾಜ್ಯಗಳು ತಮ್ಮದೇ ಸೇವೆಗಳನ್ನು ಇಟ್ಟುಕೊಳ್ಳುವ ಹಕ್ಕನ್ನು ಮುಟ್ಟಲಿಲ್ಲ. 1949ರಲ್ಲಿ ಸರ್ದಾರ್ ಪಟೇಲರೂ ಈ ಅಧಿಕಾರಿಗಳ ರಕ್ಷಣೆಗೆ ಗಟ್ಟಿಯಾಗಿ ನಿಂತರು.

ಹೀಗೆ 312ನೇ ವಿಧಿ ಬಂತು. ನಮ್ಮ ಜಿಲ್ಲಾಧಿಕಾರಿಯನ್ನು ಆರಿಸುವುದು ಕೇಂದ್ರ ಲೋಕಸೇವಾ ಆಯೋಗ, ನೇಮಿಸುವುದು ಕೇಂದ್ರ, ಜಿಲ್ಲೆಗೆ ಹಾಕುವುದು ಮತ್ತು ವರ್ಗಾಯಿಸುವುದು ರಾಜ್ಯ. ರಾಜ್ಯ ಅಮಾನತು ಮಾಡಬಹುದು, ವಜಾ ಮಾಡಲಾರದು. ಈ ಹಗ್ಗಜಗ್ಗಾಟ ಇಂದಿಗೂ ಇದೆ. ರಾಜ್ಯದ ಒಪ್ಪಿಗೆಯಿಲ್ಲದೆ ಅಧಿಕಾರಿಗಳನ್ನು ದೆಹಲಿಗೆ ಕರೆಸಿಕೊಳ್ಳುವ ಪ್ರಸ್ತಾಪಕ್ಕೆ 2022ರಲ್ಲಿ ಹಲವು ರಾಜ್ಯಗಳು ವಿರೋಧಿಸಿದವು. ಒಂದೇ ಕಡೆಗೆ ಪೂರ್ತಿ ಹಿಡಿತ ಸಿಕ್ಕರೆ ಅಧಿಕಾರಿ ಆ ಕಡೆಯ ಆಳಾಗುತ್ತಾನೆ. ಯಾರ ಹಿಡಿತವೂ ಇಲ್ಲದಿದ್ದರೆ ತಾನೇ ದೊರೆಯಾಗುತ್ತಾನೆ. ಇಲ್ಲಿಯೂ ಬೇಕಾದದ್ದು ಮಧ್ಯಮ ಮಾರ್ಗ.

ಈಗ ನನ್ನ ತಪ್ಪು ಹೇಳುತ್ತೇನೆ. ಸೇವೆಯಲ್ಲಿದ್ದಾಗ ಒಬ್ಬ ಬಡ ವಿಧವೆಯ ಖಾತೆ ಬದಲಾವಣೆ ಕಡತ ನನ್ನ ಬಳಿಗೆ ಬಂದಿತ್ತು. ಹತ್ತು ಗುಂಟೆ ತೆಂಗಿನ ತೋಟ. ದಾಖಲೆಗಳೆಲ್ಲ ಸರಿಯಾಗಿದ್ದವು. ತಡೆ ಹಿಡಿ ಎಂದು ಊರಿನ ಬಲಾಢ್ಯರೊಬ್ಬರು ಹೇಳಿಕಳಿಸಿದರು. ವಿಚಾರಣೆಯಿಲ್ಲದೆ ಯಾರೂ ವಜಾ ಮಾಡದಂತೆ 311ನೇ ವಿಧಿ ನನ್ನಂಥ ಸಣ್ಣ ನೌಕರನನ್ನೂ ಕಾಯುತ್ತಿತ್ತು. ನಾನು ಹೆದರಿದ್ದು ವರ್ಗಾವಣೆಗೆ, ಮಕ್ಕಳ ಶಾಲೆಗೆ. ಎರಡು ವರ್ಷ ಆ ಕಡತ ನನ್ನ ಮೇಜಿನಲ್ಲೇ ಇತ್ತು. ಆ ತಾಯಿ ತಿಂಗಳಿಗೊಮ್ಮೆ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು.

ಬರೋಡದಲ್ಲಿ ಬಾಬಾಸಾಹೇಬರಿಗೆ ಯಾವ ರಕ್ಷಣೆಯೂ ಇರಲಿಲ್ಲ. ನನಗೆ ಅವರು ರೂಪಿಸಿದ ಸಂವಿಧಾನದ ರಕ್ಷಣೆಯಿತ್ತು. ಆದರೂ ನಾನು ಆ ತಾಯಿಯನ್ನು ಹೊರಗೇ ನಿಲ್ಲಿಸಿದೆ. ನೌಕರನಿಗೆ ಕೊಟ್ಟ ರಕ್ಷಣೆ ನೌಕರನಿಗಾಗಿ ಅಲ್ಲ, ಬಾಗಿಲಲ್ಲಿ ನಿಂತವರಿಗಾಗಿ. ಸಮ್ಯಕ್ ಆಜೀವ ಎಂದರೆ ಇದೇ ಎಂದು ನನಗೆ ತಡವಾಗಿ ತಿಳಿಯಿತು.

ಸೇವೆಯಲ್ಲಿರುವ ಬಂಧುಗಳೇ, ಇಂದು ನಿಮ್ಮ ಮೇಜಿನಲ್ಲಿ ಹೆದರಿಕೆಯಿಂದ ಉಳಿದ ಕಡತ ಒಂದಿದ್ದರೆ ಅದನ್ನು ಮೊದಲು ತೆಗೆಯಿರಿ.

ಎಲ್ಲರಿಗೂ ಮಂಗಳವಾಗಲಿ 🙏