ಮಕ್ಕಳ ಮನವನ್ನರಿತ ವೈದ್ಯ – ಆಲ್ಫ್ರೆಡ್ ಆಡ್ಲರ್

ದಡ್ಡನೆಂದು ಒಮ್ಮೆ ಹೆಸರು ಬಿದ್ದರೆ ಆ ಹೆಸರಿನ ಭಾರದಿಂದ ಪಾರಾಗುವುದು ಮಕ್ಕಳಿಗೆ ಸುಲಭವಲ್ಲ. ಬಾಲ್ಯದಲ್ಲಿ ಆ ಹೆಸರನ್ನು ಪಡೆದು, ಅದನ್ನು ಗೆದ್ದು, ಮುಂದೆ ಅಂತಹ ಮಕ್ಕಳ ನೆರವಿಗಾಗಿ ದುಡಿದ ಮಹನೀಯರು ಡಾ. ಆಲ್ಫ್ರೆಡ್ ಆಡ್ಲರ್.

ಆಡ್ಲರ್ ಅವರು 1870ರ ಫೆಬ್ರವರಿ 7ರಂದು ಆಸ್ಟ್ರಿಯಾದ ವಿಯೆನ್ನಾ ನಗರದ ಹೊರವಲಯದಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಧಾನ್ಯದ ವ್ಯಾಪಾರಿ. ಎಳವೆಯಲ್ಲೇ ಮೂಳೆಗಳನ್ನು ಮೆತ್ತಗಾಗಿಸುವ ರಿಕೆಟ್ಸ್ ರೋಗ ತಗಲಿತು. ಅಣ್ಣ ಓಡಿ ಕುಣಿಯುತ್ತಿದ್ದರೆ ಆಲ್ಫ್ರೆಡ್ ಬ್ಯಾಂಡೇಜು ಸುತ್ತಿಸಿಕೊಂಡು ಬೆಂಚಿನ ಮೇಲೆ ಕುಳಿತು ನೋಡಬೇಕಾಗಿತ್ತು. ನಾಲ್ಕು ವರ್ಷವಾಗುವ ಹೊತ್ತಿಗೆ ಪುಟ್ಟ ತಮ್ಮ ಡಿಫ್ತೀರಿಯಾದಿಂದ ತೀರಿಕೊಂಡ. ಸ್ವಲ್ಪ ಕಾಲದಲ್ಲೇ ಆಲ್ಫ್ರೆಡನಿಗೂ ನ್ಯುಮೋನಿಯಾ ಬಂದು, ಬದುಕುವ ಆಸೆಯಿಲ್ಲವೆಂದು ವೈದ್ಯರು ಕೈಬಿಟ್ಟರು. ಆ ಮಾತು ಮಗುವಿನ ಕಿವಿಗೂ ಬಿತ್ತು. ಆದರೂ ಬದುಕಿ ಉಳಿದ ಆತ, ತಾನೂ ವೈದ್ಯನಾಗಬೇಕೆಂದು ನಿಶ್ಚಯಿಸಿದ.

ಶಾಲೆಯಲ್ಲಿ ಗಣಿತವೆಂದರೆ ಅವನಿಗೆ ಕಬ್ಬಿಣದ ಕಡಲೆ. ಈ ಹುಡುಗನಿಗೆ ಓದು ಹತ್ತದು, ಚಮ್ಮಾರಿಕೆ ಕಲಿಸುವುದೇ ಲೇಸು ಎಂದು ಉಪಾಧ್ಯಾಯರು ತಂದೆಗೆ ಸಲಹೆಯಿತ್ತರು. ತಂದೆ ಮಗನ ಮೇಲಿನ ನಂಬಿಕೆಯನ್ನು ಬಿಡಲಿಲ್ಲ, ಶಾಲೆಯನ್ನೂ ಬಿಡಿಸಲಿಲ್ಲ. ಹುಡುಗ ಹಠ ತೊಟ್ಟು ಕಲಿತ. ಮುಂದೊಂದು ದಿನ ಉಪಾಧ್ಯಾಯರನ್ನೇ ತಬ್ಬಿಬ್ಬುಗೊಳಿಸಿದ ಲೆಕ್ಕವನ್ನು ತಾನೊಬ್ಬನೇ ಬಿಡಿಸಿದನಂತೆ. ತಂದೆಯ ಆ ವಿಶ್ವಾಸವೇ ಆಡ್ಲರ್ ಅವರ ಜೀವನದ ಬುನಾದಿ ಎಂದರೆ ತಪ್ಪಾಗಲಾರದು.

1895ರಲ್ಲಿ ವೈದ್ಯ ಪದವಿ ಪಡೆದು ವಿಯೆನ್ನಾದಲ್ಲಿಯೇ ವೃತ್ತಿಯನ್ನಾರಂಭಿಸಿದರು. 1902ರಿಂದ ಖ್ಯಾತ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರ ಬಳಗದಲ್ಲಿದ್ದು, ಅಭಿಪ್ರಾಯಭೇದದಿಂದ 1911ರಲ್ಲಿ ಹೊರಬಂದರು. ತಾನು ಇತರರಿಗಿಂತ ಕಡಿಮೆ ಎಂಬ ಭಾವನೆ ಪ್ರತಿಯೊಬ್ಬರಲ್ಲೂ ಇರುತ್ತದೆ. ಕೆಲವರು ಅದನ್ನು ಮೀರಿ ಬೆಳೆಯುತ್ತಾರೆ, ಕೆಲವರು ಅದರಡಿ ಕುಸಿಯುತ್ತಾರೆ ಎಂಬುದು ಅವರ ವಿಚಾರಸಾರ. ನಾವು ಇಂದು ಕೀಳರಿಮೆ ಎಂದು ಕರೆಯುವ ಕಲ್ಪನೆಯನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಅವರೇ ಪ್ರಮುಖರು.

1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿದಾಗ ವಿಯೆನ್ನಾ ಹಸಿವಿನಿಂದ ಬಳಲುತ್ತಿತ್ತು. ಅದೆಷ್ಟೋ ಮನೆಗಳಲ್ಲಿ ತಂದೆಯಿಲ್ಲ. ಮಕ್ಕಳು ಶಾಲೆ ತಪ್ಪಿಸುವುದು, ಸುಳ್ಳು ಹೇಳುವುದು, ಕದಿಯುವುದು ಹೆಚ್ಚಿತು. ಯುದ್ಧದಲ್ಲಿ ಸೈನ್ಯದ ವೈದ್ಯರಾಗಿದ್ದ ಆಡ್ಲರ್ ಈಗ ಶಾಲೆಗಳತ್ತ ಮುಖ ಮಾಡಿದರು. ನಗರದಲ್ಲಿ ಒಟ್ಟೊ ಗ್ಲೋಕೆಲ್ ಅವರ ನೇತೃತ್ವದಲ್ಲಿ ಶಿಕ್ಷಣ ಸುಧಾರಣೆ ನಡೆಯುತ್ತಿದ್ದ ಕಾಲವದು. ಅದರ ಆಶ್ರಯದಲ್ಲಿ ಆಡ್ಲರ್ ಅವರೂ ಅವರ ಶಿಷ್ಯರೂ ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ತೆರೆದರು. 1920ರ ದಶಕದ ಕೊನೆಗೆ ಇಂತಹ 20ಕ್ಕೂ ಹೆಚ್ಚು ಕೇಂದ್ರಗಳಿದ್ದವು.

ಅಲ್ಲಿನ ಕ್ರಮ ಸರಳವಾಗಿತ್ತು. ಮೊದಲು ಉಪಾಧ್ಯಾಯರು ಮಗುವಿನ ವಿಚಾರವನ್ನು ವಿವರಿಸುತ್ತಿದ್ದರು. ಆ ಮಗು ಮನೆಯಲ್ಲಿ ಎಷ್ಟನೆಯದು, ತಮ್ಮನೋ ತಂಗಿಯೋ ಹುಟ್ಟಿದ ಮೇಲೆ ಬದಲಾಯಿತೇ, ಯಾರೊಂದಿಗಾದರೂ ಹೋಲಿಸಿ ಹಳಿಯುತ್ತಾರೆಯೇ ಎಂಬುದನ್ನೆಲ್ಲ ಆಡ್ಲರ್ ಗಮನಿಸುತ್ತಿದ್ದರು. ಬಳಿಕ ತಾಯಿಯನ್ನೋ ತಂದೆಯನ್ನೋ ಕರೆಸಿ ಮಾತನಾಡುತ್ತಿದ್ದರು. ಅವರನ್ನು ದೂಷಿಸುತ್ತಿರಲಿಲ್ಲ. ಮನನೊಂದ ತಾಯಿ ಮಗುವಿಗೆ ಧೈರ್ಯ ತುಂಬಲಾರಳೆಂದು ಅವರು ಬಲ್ಲವರಾಗಿದ್ದರು. ಕೊನೆಯಲ್ಲಿ ಮಗು ಬಂದಾಗ ಗೆಳೆಯನಂತೆ ಮಾತನಾಡಿಸುತ್ತಿದ್ದರು. ಸೇರಿದ್ದ ಇತರ ಉಪಾಧ್ಯಾಯರೂ ಇದನ್ನೆಲ್ಲ ಕಂಡು ಕಲಿಯುತ್ತಿದ್ದರು.

ಸೋಮಾರಿ ಹುಡುಗ ನಿಜಕ್ಕೂ ಸೋಮಾರಿಯಲ್ಲ, ಸೋಲಿಗೆ ಹೆದರಿದವನು. ತುಂಟನಾದವನು ತನ್ನನ್ನು ಯಾರಾದರೂ ಗಮನಿಸಲೆಂದು ಹಾತೊರೆಯುವವನು ಎಂದು ಅವರು ತಿಳಿದಿದ್ದರು. ಅದಕ್ಕೆ ಬೆತ್ತವೂ ಮದ್ದಲ್ಲ, ಅತಿಮುದ್ದೂ ಮದ್ದಲ್ಲ. ಮಗು ಮಾಡಬಲ್ಲ ಚಿಕ್ಕ ಕೆಲಸವನ್ನು ಒಪ್ಪಿಸಿ, ಅದರಲ್ಲಿ ಗೆಲ್ಲಿಸಿ, ತನ್ನಿಂದ ಇತರರಿಗೂ ಉಪಯೋಗವಿದೆ ಎಂಬ ಅರಿವನ್ನು ಮೂಡಿಸಬೇಕು. ಇದೇ ಅವರ ಚಿಕಿತ್ಸೆ.

ಆದರೆ 1934ರಲ್ಲಿ ಆಸ್ಟ್ರಿಯಾದ ಆಡಳಿತ ಸರ್ವಾಧಿಕಾರದ ಕಡೆಗೆ ತಿರುಗಿದಾಗ ಆ ಕೇಂದ್ರಗಳು ಮುಚ್ಚಿದವು. ಆಡ್ಲರ್ ಅಮೆರಿಕದಲ್ಲಿ ನೆಲೆಸಿದರು. 1937ರಲ್ಲಿ ಇನ್ನೊಂದು ಆಘಾತ ಕಾದಿತ್ತು. ಸೋವಿಯತ್ ದೇಶದಲ್ಲಿದ್ದ ಹಿರಿಯ ಮಗಳು ವ್ಯಾಲೆಂಟೈನ್ ಸೆರೆಯಾದಳು. ತಂದೆಗೆ ಅವಳ ಸುದ್ದಿಯೇ ಸಿಗದಾಯಿತು. ಪರರ ಮಕ್ಕಳಿಗೆ ದಾರಿ ತೋರಿದ ವೈದ್ಯರು ತಮ್ಮ ಮಗಳ ಚಿಂತೆಯಲ್ಲಿ ನಿದ್ದೆಗೆಟ್ಟರು. ಆದರೂ ಒಪ್ಪಿಕೊಂಡ ಉಪನ್ಯಾಸಗಳನ್ನು ನಿಲ್ಲಿಸಲಿಲ್ಲ. ಅದೇ ವರ್ಷದ ಮೇ 28ರಂದು ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ ಹೃದಯಾಘಾತದಿಂದ ಕುಸಿದು ನಿಧನರಾದರು. ಆಗ ಅವರಿಗೆ 67 ವರ್ಷ. ಮಗಳು ಸೆರೆಯಿಂದ ಮರಳಲೇ ಇಲ್ಲ. ಎಡಿನ್‌ಬರೋದಲ್ಲಿ ಉಳಿದಿದ್ದ ಆಡ್ಲರ್ ಅವರ ಚಿತಾಭಸ್ಮ 2011ರಲ್ಲಿ ವಿಯೆನ್ನಾಕ್ಕೆ ಮರಳಿತು.

ಅವರ ಕಾರ್ಯ ಮಾತ್ರ ನಿಲ್ಲಲಿಲ್ಲ. ಶಿಷ್ಯರಾದ ರುಡಾಲ್ಫ್ ಡ್ರೈಕರ್ಸ್ ಅಮೆರಿಕದ ಶಿಕಾಗೋದಲ್ಲಿ ಅದೇ ಮಾದರಿಯ ಕೇಂದ್ರಗಳನ್ನು ಕಟ್ಟಿದರು. ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೂ ಹೆತ್ತವರಿಗೂ ಸಾಂತ್ವನ, ಸಲಹೆ ನೀಡುವ ಆಪ್ತಸಲಹೆಗಾರರು ಇಂದಿಗೂ ಆಡ್ಲರ್ ಅವರ ವಿಚಾರಗಳನ್ನು ಬಳಸುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಪಕ್ಕದ ಬೆಂಚಿನಲ್ಲಿ ಮಂಕಾಗಿ ಕುಳಿತ ಗೆಳೆಯನನ್ನು ನಗೆಪಾಟಲು ಮಾಡದೆ, ಆಟಕ್ಕೋ ಪಾಠಕ್ಕೋ ಜೊತೆಗೆ ಸೇರಿಸಿಕೊಳ್ಳಿ. ಹೆತ್ತವರಾದ ನಾವು ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಮಗುವಿನ ಮುಖವನ್ನೊಮ್ಮೆ ನೋಡೋಣ. ಧಾನ್ಯದ ವ್ಯಾಪಾರಿಯೊಬ್ಬ ಮಗನ ಮೇಲೆ ಇಟ್ಟ ನಂಬಿಕೆ ಮುಂದೆ ಎಷ್ಟು ಮನೆಗಳಿಗೆ ಬೆಳಕಾಯಿತೆಂಬುದನ್ನು ಮರೆಯದಿರೋಣ.